ನಂಬರು ನಿಂತುಹೋದ ಹೋಸ್

ಈ ಸಲದ ಮಾತು ಕಾವ್ಯದ ಬಗ್ಗೆ ಅಲ್ಲ, ಹಬ್ಬದ ಅಡುಗೆಯ ಬಗ್ಗೆಯೂ ಅಲ್ಲ. ಕಾರಿನ ಎಂಜಿನ್ನಿನ ಒಂದು ರಬ್ಬರ್ ಹೋಸಿನ ಬಗ್ಗೆ. ಕನ್ನಡ ಎಂ.ಎ. ಓದಿ, ಮನೆ ನೋಡಿಕೊಂಡು, ಭಾನುವಾರ ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಆಂಟಿಗೆ ಬಾನೆಟ್ ಒಳಗೆ ಏನು ಕೆಲಸ ಎಂದು ನೀವು ನಗಬಹುದು. ನಗಿ, ಆದರೆ ಕೊನೆಯವರೆಗೆ ಕೇಳಿ. ನಿಮ್ಮಲ್ಲಿ ಹಲವರು ನನ್ನ ಮಗನ ಹಾಗೆ ಹಳೆಯ ಕಾರು ಕೊಂಡು, ಅದಕ್ಕೆ ಏನೇನೋ ಜೋಡಿಸಿ ಓಡಿಸುವವರು ಎಂದು ನನಗೆ ಗೊತ್ತು.

ನನ್ನ ಮಗನ ಕಾರು 1990ರ ದಶಕದ್ದು, ಜಪಾನಿನದು, ಅವನಿಗಿಂತ ಹಿರಿಯದು. ಹಿಂದಿನ ಮಾಲೀಕ ಅದಕ್ಕೆ ಟರ್ಬೊ ಕೂರಿಸಿದ್ದ. ಕಳೆದ ಜನವರಿಯ ಒಂದು ರಾತ್ರಿ, ಇಲ್ಲಿ ನ್ಯೂಜರ್ಸಿಯಲ್ಲಿ ಎಲ್ಲ ಹೆಪ್ಪುಗಟ್ಟಿದ್ದಾಗ, ಹೈವೇ ಪಕ್ಕದಿಂದ ಅವನ ಫೋನ್ ಬಂತು. “ಅಮ್ಮ, ಕಾರಿಂದ ಹೊಗೆ ಬರ್ತಾ ಇದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕ್ಲಾ?”

“ಮುಟ್ಟಬೇಡ! ಎಂಜಿನ್ ಆಫ್ ಮಾಡು. ಕಾರಿನಿಂದ ದೂರ, ರೇಲಿಂಗ್ ಆಚೆ ನಿಂತ್ಕೋ” ಎಂದೆ. ಎಂಜಿನ್ನಿನ ಬಗ್ಗೆ ಅವತ್ತು ನನಗೆ ಗೊತ್ತಿದ್ದದ್ದು ಅದೊಂದೇ. ನಾನು ಚಿಕ್ಕವಳಿದ್ದಾಗ ಆಗುಂಬೆ ಘಾಟಿ ಹತ್ತುವಾಗ ಅಪ್ಪನ ಕಾರು ಬಿಸಿಯಾಗಿ ನಿಂತಿತ್ತು. ಅಪ್ಪ ಅವಸರದಲ್ಲಿ ಮುಚ್ಚಳ ತಿರುಗಿಸಿದ್ದರು. ಅವರ ಬಲಗೈಯಲ್ಲಿ ಆ ಸುಟ್ಟ ಗಾಯದ ಕಲೆ ಇಂದಿಗೂ ಇದೆ.

ಕಾರನ್ನು ಟೋ ಮಾಡಿಸಿ ಮನೆಗೆ ತಂದೆವು. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಹಿಂಭಾಗದಲ್ಲಿ ಹೀಟರ್‌ಗೆ ಹೋಗುವ ಹೋಸ್ ಉದ್ದಕ್ಕೆ ಸೀಳಿತ್ತು. ಮಗ ಡೀಲರ್‌ಗೆ ಫೋನ್ ಮಾಡಿದ. ಉತ್ತರ ಒಂದೇ ಸಾಲು: “ಆ ಪಾರ್ಟ್ ನಂಬರು ಈಗ ಇಲ್ಲ, ತಯಾರಿಕೆ ನಿಲ್ಲಿಸಿದ್ದಾರೆ.” ಮಗನ ಮುಖ ಸಪ್ಪಗಾಯಿತು. ಒಂದು ಗೇಣು ರಬ್ಬರ್ ಸಿಗದೆ ಕಾರು ಗುಜರಿಗೆ ಹೋಗಬೇಕೇ?

ಹೋಗಬೇಕಾಗಿಲ್ಲ. ನಿಂತುಹೋದದ್ದು ಒಂದು ನಂಬರು. ಆ ಹೋಸ್ ಮಾಡುತ್ತಿದ್ದ ಕೆಲಸ ಏನು ಎಂದು ಸರಿಯಾಗಿ ತಿಳಿದುಕೊಂಡರೆ, ಅದೇ ಕೆಲಸ ಮಾಡುವ ಇನ್ನೊಂದು ಹೋಸ್ ಸಿಗುತ್ತದೆ. ತಿಳಿದುಕೊಳ್ಳದೆ, ನೋಡಲು ಹಾಗೇ ಇದೆ ಎಂದು ಏನನ್ನೋ ಹಾಕಿದರೆ ಅಪಾಯ. ನಾವು ಎರಡನ್ನೂ ಮಾಡಿದೆವು. ಮೊದಲು ತಪ್ಪು, ಆಮೇಲೆ ಸರಿ.

ಕುಕ್ಕರ್‌ನಿಂದ ಶುರು ಮಾಡೋಣ

ಎಂಜಿನ್ನಿನ ಒಳಗೆ ಪೆಟ್ರೋಲ್ ಉರಿಯುವಾಗ ಆ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಯಲ್ಲಿ ಒಂದು ಪಾಲನ್ನು ಹೊತ್ತು ರೇಡಿಯೇಟರ್‌ಗೆ ತಂದು ಗಾಳಿಗೆ ಬಿಡುವುದು ಕೂಲೆಂಟ್, ಅಂದರೆ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಬೆರೆಸಿದ ದ್ರವ. ಅರ್ಧಕ್ಕರ್ಧ ಬೆರೆಸಿದರೆ ಅದು ಮೈನಸ್ 37 ಡಿಗ್ರಿಯ ತನಕ ಹೆಪ್ಪುಗಟ್ಟುವುದಿಲ್ಲ. ತೆರೆದ ಪಾತ್ರೆಯಲ್ಲಿಟ್ಟರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ.

ಆದರೆ ರೇಡಿಯೇಟರ್ ತೆರೆದ ಪಾತ್ರೆಯಲ್ಲ. ಅದರ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದೆ, ಅದು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಸಾಮಾನ್ಯವಾದ 15 ಪಿಎಸ್‌ಐ ಮುಚ್ಚಳ ಇದ್ದರೆ ಅದೇ ದ್ರವ ಸುಮಾರು 129 ಡಿಗ್ರಿಯವರೆಗೂ ಕುದಿಯುವುದಿಲ್ಲ. ನಿಮ್ಮ ಅಮ್ಮ ಬೇಳೆ ಬೇಯಿಸುವ ಪ್ರೆಶರ್ ಕುಕ್ಕರ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ. ಸೀಟಿ ಹೊಡೆಯುತ್ತಿರುವ ಕುಕ್ಕರ್‌ನ ಮುಚ್ಚಳವನ್ನು ಯಾರಾದರೂ ಎಳೆದು ತೆಗೆಯುತ್ತಾರೆಯೇ? ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತಿರುಗಿಸುವುದು ಅದೇ ಕೆಲಸ. ಒತ್ತಡ ಇಳಿದ ಕ್ಷಣದಲ್ಲೇ ಆ ದ್ರವ ಕುದಿದು ಮುಖಕ್ಕೆ, ಕೈಗೆ ಹಾರುತ್ತದೆ.

ಹೋಸ್ ಎಂದರೆ ಈ ಕುಕ್ಕರ್‌ನ ಗೋಡೆಯ ಒಂದು ಭಾಗ, ರಬ್ಬರ್‌ನಿಂದ ಮಾಡಿದ ಭಾಗ. ಎಂಜಿನ್ ಅಲುಗಾಡುತ್ತದೆ, ರೇಡಿಯೇಟರ್ ಮತ್ತು ಹೀಟರ್ ಕಾರಿನ ಮೈಗೆ ಅಂಟಿಕೊಂಡು ನಿಂತಿರುತ್ತವೆ. ನಡುವೆ ಬಗ್ಗುವ ಒಂದು ಕೊಂಡಿ ಬೇಕು, ಅದಕ್ಕೇ ರಬ್ಬರ್. ಅದು ಸೀಳಿದರೆ ಕೆಲವೇ ನಿಮಿಷಗಳಲ್ಲಿ ಕೂಲೆಂಟ್ ಎಲ್ಲ ಹೊರಗೆ. ಆಮೇಲೂ ಓಡಿಸಿದರೆ ಸಿಲಿಂಡರ್ ಹೆಡ್ ಬಾಗಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಸಣ್ಣ ಹೋಸಿನ ಬೆಲೆಯ ಜಾಗದಲ್ಲಿ ಇಡೀ ಎಂಜಿನ್ನಿನ ಬೆಲೆ ಬಂದು ಕೂರುತ್ತದೆ.

ನಂಬರು ಏಕೆ ನಿಲ್ಲುತ್ತದೆ?

ನೇರವಾದ ಹೋಸ್ ಎಲ್ಲೆಲ್ಲೂ ಸಿಗುತ್ತದೆ. ಕಷ್ಟವಿರುವುದು ಬಾಗಿದ ಹೋಸಿನಲ್ಲಿ. ಇನ್ನೂ ಬೇಯದ ಮೆತ್ತನೆಯ ರಬ್ಬರ್ ಕೊಳವೆಯನ್ನು, ಬೇಕಾದ ಆಕಾರಕ್ಕೆ ಬಗ್ಗಿಸಿದ ಲೋಹದ ಸರಳಿನ ಮೇಲೆ ತೂರಿಸಿ, ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. ಇಡ್ಲಿ ತಟ್ಟೆಯ ಗುಳಿಯ ಆಕಾರವನ್ನು ಇಡ್ಲಿ ಪಡೆಯುವ ಹಾಗೆ, ಹೋಸ್ ಆ ಸರಳಿನ ಆಕಾರ ಪಡೆಯುತ್ತದೆ. ಒಂದೊಂದು ಆಕಾರಕ್ಕೂ ಬೇರೆ ಸರಳು ಬೇಕು. ಕಾರು ಹಳೆಯದಾಗಿ, ವರ್ಷಕ್ಕೆ ಬೆರಳೆಣಿಕೆಯ ಜನ ಕೇಳುವಂತಾದರೆ, ಆ ಸರಳುಗಳನ್ನು ಇಟ್ಟುಕೊಂಡು ಕೂರಲು ಯಾವ ಕಾರ್ಖಾನೆಗೂ ಲಾಭವಿಲ್ಲ.

ಕೆಲವೊಮ್ಮೆ ಕಂಪನಿಗಳೇ ಹಿಂದೆ ತಿರುಗಿ ನೋಡುವುದುಂಟು. ನಿಸ್ಸಾನ್ 2017ರಲ್ಲಿ ತನ್ನ ಆರ್32 ಸ್ಕೈಲೈನ್ ಜಿಟಿ-ಆರ್ ಕಾರಿಗೆ, ಟೊಯೋಟಾ 2020ರಲ್ಲಿ ಹಳೆಯ ಸುಪ್ರಾ ಕಾರುಗಳಿಗೆ, ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ಮಾಡಿ ಮಾರಲು ಆರಂಭಿಸಿದವು. ಮಜ್ದಾ ಕೂಡ ಜಪಾನಿನಲ್ಲಿ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್, ಅಂದರೆ ಇಲ್ಲಿ ನಾವು ಮಿಯಾಟಾ ಎನ್ನುವ ಕಾರನ್ನು ಹೊಸದರಂತೆ ಮಾಡಿಕೊಡುವ ಸೇವೆ ಆರಂಭಿಸಿತು. ಆದರೆ ಈ ಭಾಗ್ಯ ಬಹಳ ಜನ ಪ್ರೀತಿಸುವ ಕೆಲವೇ ಕಾರುಗಳಿಗೆ. ಉಳಿದವುಗಳಿಗೆ ನಾವೇ ದಾರಿ ಹುಡುಕಬೇಕು.

ಮೊದಲು ಕೇಳಬೇಕಾದ ಪ್ರಶ್ನೆ: ಒಳಗೆ ಏನು ಹರಿಯುತ್ತದೆ?

ಕಪ್ಪು ಹೋಸುಗಳೆಲ್ಲ ನೋಡಲು ಒಂದೇ. ಆದರೆ ಒಳಗಿನ ರಬ್ಬರ್ ಬೇರೆ ಬೇರೆ. ಇದನ್ನು ದಯವಿಟ್ಟು ನೆನಪಿಡಿ, ಏಕೆಂದರೆ ಇಲ್ಲಿ ತಪ್ಪಿದರೆ ಬೆಂಕಿಯವರೆಗೂ ಹೋಗಬಹುದು.

ಕೂಲೆಂಟ್ ಹರಿಯುವ ಹೋಸ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರ್‌ನದು. ಬಿಸಿ ನೀರಿಗೆ, ಗ್ಲೈಕಾಲ್‌ಗೆ ಅದು ಜಗ್ಗುವುದಿಲ್ಲ. ಎಣ್ಣೆ ತಾಗಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಎಂಜಿನ್ ಆಯಿಲ್ ಅಥವಾ ಅದರ ಆವಿ ಹೋಗುವ ಜಾಗಕ್ಕೆ ಹೀಟರ್ ಹೋಸ್ ಹಾಕಬಾರದು; ಅಲ್ಲಿಗೆ ನೈಟ್ರೈಲ್‌ನಂಥ ಎಣ್ಣೆ ತಡೆಯುವ ರಬ್ಬರ್ ಬೇಕು. ಬಣ್ಣಬಣ್ಣದ ಸಿಲಿಕೋನ್ ಹೋಸ್ ಹೆಚ್ಚಿನ ಬಿಸಿ ತಡೆಯುತ್ತದೆ, ಕೂಲೆಂಟ್‌ಗೂ ಟರ್ಬೊದ ಗಾಳಿಗೂ ಸರಿ. ಆದರೆ ಬರೀ ಸಿಲಿಕೋನ್ ಪೆಟ್ರೋಲ್‌ಗೂ ಎಣ್ಣೆಗೂ ಆಗದು. ಅವು ಅದರ ಗೋಡೆಯಲ್ಲಿ ಜಿನುಗಿ ಹೊರಬರುತ್ತವೆ.

ಪೆಟ್ರೋಲ್ ಹೋಸ್ ಪೂರ್ತಿ ಬೇರೆ ಜಾತಿ. ಫ್ಯೂಯಲ್ ಇಂಜೆಕ್ಷನ್ ಇರುವ ಕಾರಿಗೆ, ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ನೋಡಿ ಕೊಳ್ಳಿ. ಕೂಲೆಂಟ್ ಹೋಸಿನ ಮೇಲೆ ಎಸ್‌ಎಇ ಜೆ20 ಎಂಬ ಗುರುತು ಇರುತ್ತದೆ. ಮೈಮೇಲೆ ಏನೂ ಬರೆದಿಲ್ಲದ ಹೋಸನ್ನು ಅಗ್ಗವಾಗಿ ಸಿಕ್ಕಿತೆಂದು ಎಂಜಿನ್ನಿಗೆ ಹಾಕಬೇಡಿ.

ಇನ್ನು ಬ್ರೇಕ್, ಪವರ್ ಸ್ಟೀರಿಂಗ್, ಏಸಿ. ಇವುಗಳ ಒತ್ತಡವೇ ಬೇರೆ. ಅವುಗಳ ತುದಿಗೆ ಲೋಹದ ಫಿಟ್ಟಿಂಗನ್ನು ಯಂತ್ರದಿಂದ ಒತ್ತಿ ಕೂರಿಸಿರುತ್ತಾರೆ. ಮನೆಯಲ್ಲಿ ಕ್ಲ್ಯಾಂಪ್ ಹಾಕಿ ಮಾಡುವ ಕೆಲಸ ಅದಲ್ಲ. ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳಿಗೆ ಹಳೆಯದನ್ನು ಒಯ್ದರೆ ಪವರ್ ಸ್ಟೀರಿಂಗ್ ಹೋಸನ್ನು ಅದೇ ಅಳತೆಗೆ ಮಾಡಿಕೊಡುತ್ತಾರೆ. ಬ್ರೇಕ್ ಹೋಸಿನ ಮೇಲೆ ಅಮೆರಿಕದಲ್ಲಿ ಡಾಟ್ ಎಂಬ ಗುರುತು ಇರಲೇಬೇಕು.

ನಾವು ಮಾಡಿದ ತಪ್ಪು

ನಮ್ಮದು ಕೂಲೆಂಟ್ ಹೋಸ್ ಎಂದು ಗೊತ್ತಿತ್ತು. ಮಗ ಅಂಗಡಿಗೆ ಹೋಗಿ ಸರಿಯಾದ ದಪ್ಪದ, ಆದರೆ ನೇರವಾದ ಹೀಟರ್ ಹೋಸ್ ತಂದ. ಎಂಜಿನ್ನಿಗೂ ಅದರ ಹಿಂದಿನ ಗೋಡೆಗೂ ನಡುವೆ ಕೈ ತೂರುವಷ್ಟೇ ಜಾಗ. ಅಲ್ಲಿ ಅದನ್ನು ಒತ್ತಾಯದಿಂದ ಬಗ್ಗಿಸಿ ಕೂರಿಸಿದ. ತಣ್ಣಗಿದ್ದಾಗ ಚೆನ್ನಾಗಿಯೇ ಕಂಡಿತು. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಹೀಟರ್‌ನಿಂದ ತಣ್ಣನೆಯ ಗಾಳಿ ಬರತೊಡಗಿತು. ಬಿಸಿಗೆ ರಬ್ಬರ್ ಮೆತ್ತಗಾಗಿ, ತಿರುವಿನಲ್ಲಿ ಹೋಸ್ ಮಡಚಿಕೊಂಡು, ಹರಿವೇ ನಿಂತಿತ್ತು. ತೋಟಕ್ಕೆ ನೀರು ಹಾಯಿಸುವಾಗ ಪೈಪು ಮಡಚಿದರೆ ಹೇಗೋ ಹಾಗೆ.

ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು, ವೃತ್ತಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್, ಆ ಸಂಜೆ ಬಂದು ಟಾರ್ಚ್ ಹಾಕಿ ನೋಡಿದರು. “ಪುಟ್ಟಾ, ಇದೇ ಹೋಸಿನಿಂದ ಟರ್ಬೊಗೂ ಕೂಲೆಂಟ್ ಹೋಗ್ತಿದೆ, ಗಮನಿಸಿದೆಯಾ?” ಎಂದು ಕೇಳಿದರು. ಹಿಂದಿನ ಮಾಲೀಕ ಹೀಟರ್ ಹೋಸನ್ನು ನಡುವೆ ಕತ್ತರಿಸಿ, ಟಿ ಆಕಾರದ ಜೋಡಣೆ ಹಾಕಿ, ಒಂದು ಕವಲನ್ನು ಟರ್ಬೊದ ಬೇರಿಂಗ್ ಇರುವ ಭಾಗವನ್ನು ತಂಪಾಗಿಡಲು ಕೊಟ್ಟಿದ್ದ. ಹೀಟರ್ ತಣ್ಣಗಾದದ್ದು ನಮಗೆ ಗೊತ್ತಾಯಿತು. ಟರ್ಬೊಗೆ ಹೋಗುವ ಹರಿವೂ ನಿಂತದ್ದು ಗೊತ್ತಾಗಿರಲಿಲ್ಲ.

ಮಾರ್ಪಡಿಸಿದ ಕಾರಿನ ಪಾಠ ಇದೇ. ಕಂಪನಿಯ ಪುಸ್ತಕ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಕಾರಿನ ಬಗ್ಗೆ. ನಿಮ್ಮ ಕಾರು ಈಗ ಅದಲ್ಲ. ಆ ಪಾರ್ಟ್ ನಂಬರಿನ ಹೋಸ್ ಸಿಕ್ಕಿದ್ದರೂ ನಮಗೆ ಅದು ಹಾಗೇ ಕೂರುತ್ತಿರಲಿಲ್ಲ. ಹಾಗಾಗಿ ಬಿಚ್ಚುವ ಮೊದಲು ಹೋಸ್ ಎಲ್ಲಿಂದ ಹೊರಡುತ್ತದೆ, ಎಲ್ಲಿ ಮುಗಿಯುತ್ತದೆ, ನಡುವೆ ಎಲ್ಲೆಲ್ಲಿ ಕವಲೊಡೆಯುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿ. ನಾಲ್ಕಾರು ಫೋಟೋ ತೆಗೆದಿಟ್ಟುಕೊಳ್ಳಿ.

ಅಳತೆ ಮತ್ತು ಹುಡುಕಾಟ

ಅಂಕಲ್ ಮಗನ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟರು. ಹಳೆಯ ಹೋಸ್ ಹಿಗ್ಗಿರುತ್ತದೆ, ಅದರ ಅಳತೆ ನಂಬುವ ಹಾಗಿಲ್ಲ. ಹೋಸ್ ಕೂರುವ ಲೋಹದ ಮೂತಿಯ ಹೊರ ಅಳತೆ ತೆಗೆಯಬೇಕು. ಹೀಟರ್ ಹೋಸುಗಳಲ್ಲಿ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್, ಮತ್ತು 3/4 ಇಂಚು, ಅಂದರೆ ಸುಮಾರು 19 ಮಿಲಿಮೀಟರ್, ಹೆಚ್ಚು ಕಾಣುವ ಅಳತೆಗಳು. ಎರಡೂ ತುದಿ ಅಳೆಯಿರಿ, ಬೇರೆ ಬೇರೆ ಇರಬಹುದು. ಆಮೇಲೆ ಹಳೆಯ ಹೋಸನ್ನು ಬಿಳಿ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ತಿರುವು ಎಷ್ಟು, ಯಾವ ಕಡೆಗೆ, ಎಷ್ಟು ಉದ್ದ, ಎಲ್ಲ ಅದರಲ್ಲಿ ಸಿಗುತ್ತದೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಾಲುಸಾಲಾಗಿ ಕಾರಿನ ಬಿಡಿಭಾಗದ ಅಂಗಡಿಗಳಿವೆ. ಅಲ್ಲಿಗೆ ಹೋಗುವ ಮೆಕ್ಯಾನಿಕ್ಕುಗಳ ಕೈಯಲ್ಲಿ ಹಳೆಯ ಭಾಗವೇ ಇರುತ್ತದೆ. ಕೌಂಟರ್ ಮೇಲೆ ಇಟ್ಟು, “ಇಂಥದ್ದು ಕೊಡಿ” ಎನ್ನುತ್ತಾರೆ. ನಂಬರು ಕೇಳುವವರು ಕಡಿಮೆ. ಅಮೆರಿಕದಲ್ಲಿ ಅಂಗಡಿಯವರು ಮೊದಲು ಕೇಳುವುದೇ ಕಾರಿನ ವರ್ಷ, ಕಂಪನಿ, ಮಾಡೆಲ್. ಆದರೆ ಹಳೆಯ ಹೋಸ್ ಕೈಯಲ್ಲಿ ಹಿಡಿದು, ಬೇರೆ ಹೋಸುಗಳ ಪಕ್ಕ ಇಟ್ಟು ನೋಡಬಹುದೇ ಎಂದು ವಿನಯದಿಂದ ಕೇಳಿದರೆ ಇಲ್ಲಿಯೂ ಒಳಗೆ ಬಿಡುವವರಿದ್ದಾರೆ.

ನಮ್ಮ ಹುಡುಕಾಟದ ಕ್ರಮ ಹೀಗಿತ್ತು. ಮೊದಲನೆಯದು, ನಿಂತ ನಂಬರಿನ ಬದಲು ಹೊಸ ನಂಬರು ಬಂದಿದೆಯೇ ಎಂದು ಡೀಲರ್ ಹತ್ತಿರ ಕೇಳುವುದು. ಎಷ್ಟೋ ಸಲ ಹೋಸ್ ಅದೇ ಇರುತ್ತದೆ, ನಂಬರು ಮಾತ್ರ ಬದಲಾಗಿರುತ್ತದೆ. ಎರಡನೆಯದು, ಅದೇ ಎಂಜಿನ್ ಇರುವ ಬೇರೆ ಮಾಡೆಲ್ ನೋಡುವುದು. ಮೂರನೆಯದು, ಹೋಸ್ ತಯಾರಕರ ಕ್ಯಾಟಲಾಗಿನಲ್ಲಿ ಕಾರಿನ ಹೆಸರು ಬಿಟ್ಟು, ಒಳ ಅಳತೆ ಮತ್ತು ಆಕಾರ ನೋಡಿ ಆರಿಸುವುದು. ಗೇಟ್ಸ್, ಡೇಕೊ ಮುಂತಾದವರ ಬಳಿ ನೂರಾರು ಆಕಾರಗಳಿವೆ. ಬೇರೆ ಯಾವುದೋ ಕಾರಿನ ಉದ್ದ ಹೋಸಿನಲ್ಲಿ ನಿಮಗೆ ಬೇಕಾದ ತಿರುವು ಇದ್ದರೆ, ಆ ತುಂಡನ್ನಷ್ಟೇ ಕತ್ತರಿಸಿಕೊಳ್ಳಬಹುದು. ನಮಗೆ ಸಿಕ್ಕಿದ್ದು ಹಾಗೆಯೇ. ನಾಲ್ಕನೆಯದು, 90 ಅಥವಾ 45 ಡಿಗ್ರಿಯ ಸಿಲಿಕೋನ್ ತಿರುವುಗಳು. ಐದನೆಯದು, ನೇರ ಹೋಸಿನ ನಡುವೆ ಬಾಗಿದ ಲೋಹದ ತುಂಡು. ಆದರೆ ಪ್ರತಿಯೊಂದು ಜೋಡಣೆಯೂ ಸೋರಬಹುದಾದ ಎರಡು ಹೊಸ ಜಾಗ. ಆದಷ್ಟು ಕಡಿಮೆ ಇರಲಿ.

ಒಂದು ದಾರಿ ಮಾತ್ರ ಬೇಡ. ಗುಜರಿ ಯಾರ್ಡಿನ ಹಳೆಯ ಕಾರಿನಿಂದ ಬಾಗಿಲು ತರಬಹುದು, ಕನ್ನಡಿ ತರಬಹುದು, ಹೋಸ್ ತರಬಾರದು. ರಬ್ಬರ್‌ಗೆ ವಯಸ್ಸಾಗುತ್ತದೆ. ಎಂದೂ ಬಳಸದೆ ಮೂವತ್ತು ವರ್ಷ ಪ್ಯಾಕೆಟ್ಟಿನಲ್ಲೇ ಕೂತ ಹೋಸಿಗೂ ವಯಸ್ಸಾಗಿರುತ್ತದೆ.

ಕೂರಿಸುವಾಗ

ಅವಸರವೇ ಅಪಘಾತಕ್ಕೆ ಕಾರಣ ಎಂದು ನಮ್ಮೂರಿನ ರಸ್ತೆ ಬದಿಯಲ್ಲೆಲ್ಲ ಬರೆದಿರುತ್ತಾರೆ. ಈ ಕೆಲಸಕ್ಕೂ ಅದೇ ಮಾತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಿರಿ. ಕೂಲೆಂಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿಯಿರಿ, ನೆಲಕ್ಕೆ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಚಿಕ್ಕ ಮಕ್ಕಳು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಹಳೆಯದನ್ನು ಮುಚ್ಚಿದ ಡಬ್ಬಿಯಲ್ಲಿ ತುಂಬಿ, ನಿಮ್ಮ ಊರಿನಲ್ಲಿ ಇಂಥ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಹಳೆಯ ಹೋಸ್ ಅಂಟಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ತಿರುಚಬೇಡಿ. ಹೀಟರ್‌ನ ತೆಳ್ಳಗಿನ ಮೂತಿ ಮುರಿದರೆ ಕೆಲಸ ಡ್ಯಾಶ್‌ಬೋರ್ಡ್ ಬಿಚ್ಚುವವರೆಗೆ ಹೋಗುತ್ತದೆ. ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದ ಹಾಗೆ ತೆಗೆಯಿರಿ. ಮೂತಿಯ ಮೇಲಿನ ಬಿಳಿ ಪುಡಿ, ಹಳೆಯ ರಬ್ಬರ್ ಚೂರು ಒರೆಸಿ ನುಣುಪು ಮಾಡಿ. ಹೊಸ ಹೋಸ್ ಜಾರಲು ಒಂದಿಷ್ಟು ಕೂಲೆಂಟ್ ಸವರಿದರೆ ಸಾಕು. ಎಣ್ಣೆ, ಗ್ರೀಸ್ ಬೇಡ. ಇಪಿಡಿಎಂಗೆ ಎಣ್ಣೆ ಆಗದು ಎಂದು ಆಗಲೇ ಹೇಳಿದೆನಲ್ಲ.

ಮೂತಿಯ ತುದಿಯಲ್ಲಿ ಒಂದು ಉಬ್ಬು ಅಂಚು ಇರುತ್ತದೆ. ಹೋಸ್ ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲ್ಯಾಂಪ್ ಆ ಅಂಚಿನ ಆಚೆ ಕೂರಬೇಕು. ಸ್ಪ್ರಿಂಗ್ ಕ್ಲ್ಯಾಂಪ್ ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವುದರಿಂದ ಕೂಲೆಂಟ್ ಹೋಸಿಗೆ ಅದು ಒಳ್ಳೆಯದು. ಸಿಲಿಕೋನ್ ಹೋಸಿಗೆ ಸೀಳು ಸೀಳಾದ ಪಟ್ಟಿಯ ಸ್ಕ್ರೂ ಕ್ಲ್ಯಾಂಪ್ ಹಾಕಿದರೆ ಅದು ಹೋಸನ್ನೇ ಕೊಯ್ಯುತ್ತದೆ. ಒಳಮೈ ನುಣುಪಾಗಿರುವುದನ್ನು ಹಾಕಿ. ನಾವು ಟರ್ಬೊ ಹತ್ತಿರದ ಪ್ಲಾಸ್ಟಿಕ್ ಟಿ ತೆಗೆದು ಹಿತ್ತಾಳೆಯದು ಹಾಕಿದೆವು, ಹೋಸಿಗೆ ಬಿಸಿ ತಡೆಯುವ ಹೊದಿಕೆಯನ್ನೂ ತೊಡಿಸಿದೆವು. ಹೋಸ್ ಬೆಲ್ಟಿಗೆ, ಎಕ್ಸಾಸ್ಟ್‌ಗೆ, ಚೂಪಾದ ಅಂಚಿಗೆ ತಾಗದಿರಲಿ. ಎಂಜಿನ್ ಅಲುಗಾಡಲು ಸ್ವಲ್ಪ ಸಡಿಲವೂ ಇರಲಿ.

ಕೊನೆಗೆ ಗಾಳಿ ತೆಗೆಯುವುದು. ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಯ ಕಡೆಗಿರಲಿ. ಮುಚ್ಚಳ ತೆಗೆದಿರುವಾಗಲೇ ನಿಧಾನವಾಗಿ ಕೂಲೆಂಟ್ ತುಂಬಿ, ತಣ್ಣನೆಯ ಎಂಜಿನ್ ಶುರು ಮಾಡಿ. ಗುಳ್ಳೆಗಳು ನಿಂತ ಮೇಲೆ, ಕೂಲೆಂಟ್ ಬಿಸಿಯಾಗುವ ಮೊದಲೇ ಮುಚ್ಚಿ. ಆಮೇಲೆ ಉಷ್ಣಾಂಶದ ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದಲ್ಲೇ ಒಂದು ಸುತ್ತು ಓಡಿಸಿ. ಮರುದಿನ ಎಂಜಿನ್ ತಣ್ಣಗಿದ್ದಾಗ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿ. ಒಂದು ವಾರ ಹೀಗೆ ನೋಡುತ್ತಿರಿ.

ಒಂದು ಹೋಸ್ ಹೋಗಿದೆ ಎಂದರೆ ಅದರ ಜೊತೆಗೆ ಹುಟ್ಟಿದವೂ ಸರದಿಯಲ್ಲಿವೆ. ಹೋಸ್ ಎಷ್ಟೋ ಸಲ ಒಳಗಿನಿಂದ, ತುದಿಯ ಹತ್ತಿರ ಬಿರುಕು ಬಿಡುತ್ತದೆ; ಹೊರಗೆ ಹೊಸದರಂತೆಯೇ ಕಾಣುತ್ತದೆ. ತಣ್ಣಗಿರುವಾಗ ಕ್ಲ್ಯಾಂಪಿನ ಪಕ್ಕ ಒಮ್ಮೆ, ನಡುವೆ ಒಮ್ಮೆ ಬೆರಳಲ್ಲಿ ಹಿಸುಕಿ ನೋಡಿ. ತುದಿಯಲ್ಲಿ ಹೆಚ್ಚು ಮೆತ್ತಗಿದ್ದರೆ ಅಥವಾ ಒಳಗೆ ಸೀಳಿದ್ದು ಬೆರಳಿಗೆ ತಿಳಿದರೆ ಬದಲಿಸಿ.

ಬರೆದಿಡಿ

ಈಗ ಮಗನ ಕಾರಿನ ಗ್ಲವ್ ಬಾಕ್ಸಿನಲ್ಲಿ ಒಂದು ನೋಟ್‌ಪುಸ್ತಕ ಇದೆ. ಯಾವ ಹೋಸ್, ಎಷ್ಟು ಅಳತೆ, ಯಾವ ಹೋಸಿನಿಂದ ಕತ್ತರಿಸಿದ್ದು, ಟಿ ಎಲ್ಲಿದೆ, ಯಾವ ತಾರೀಖು, ಎಲ್ಲ ಬರೆದಿದ್ದಾನೆ. ಹಿಂದಿನ ಮಾಲೀಕ ಇಷ್ಟು ಮಾಡಿದ್ದರೆ ನಮಗೆ ಟರ್ಬೊದ ಆ ಕವಲು ಮೊದಲ ದಿನವೇ ತಿಳಿಯುತ್ತಿತ್ತು. ಮೊದಲ ಪುಟವನ್ನು ಮಗ ಕನ್ನಡದಲ್ಲಿ ಬರೆದಿದ್ದಾನೆ: “ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡ.” ಒತ್ತಕ್ಷರ ಒಂದು ತಪ್ಪಿತ್ತು. ತಿದ್ದದೆ ಹಾಗೇ ಬಿಟ್ಟಿದ್ದೇನೆ.

ನಿಮ್ಮ ಕಾರಿನ ಯಾವುದಾದರೂ ನಂಬರು ನಿಂತುಹೋದರೆ ಎದೆಗುಂದಬೇಡಿ. ಒಳಗೆ ಏನು ಹರಿಯುತ್ತದೆ, ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ಅಳತೆ, ಎಂಥ ತಿರುವು ಎಂದು ಕೇಳಿಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿರುವ ಹಿರಿಯರನ್ನು ಮನೆಗೆ ಕರೆಯಿರಿ. ನಮ್ಮ ಅಂಕಲ್‌ಗೆ ಕೊಟ್ಟ ಫೀಸು ಎರಡು ಲೋಟ ಫಿಲ್ಟರ್ ಕಾಫಿ ಮತ್ತು ಒಂದು ತಟ್ಟೆ ಉಪ್ಪಿಟ್ಟು. ಮತ್ತೆ ಸಿಗೋಣ, ಜೋಪಾನವಾಗಿ ಓಡಿಸಿ.